ಬಿಚ್ಚಿದ ಹತ್ತು ತೋಟಾಗಳು

ಈ ಸಂಗತಿಯನ್ನು ಹೇಳಿದವರು ಮೋಹನದಾಸ್. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಗಡಿಯಾರ, ತಕ್ಕಡಿಗಳನ್ನು ರಿಪೇರಿ ಮಾಡುವ ಅಂಗಡಿ ಅವರದು. ಹೇಳಿದ್ದು ಕಳೆದ ಜನವರಿಯ ಒಂದು ಶನಿವಾರ, ಅಲ್ ಐನ್ ಹೊರವಲಯದ ಶೂಟಿಂಗ್ ಕ್ಲಬ್ಬಿನ ಹಿಂಬದಿಯ ಜಗಲಿಯಲ್ಲಿ, ಸುಲೈಮಾನಿ ಚಹಾ ಕುಡಿಯುತ್ತ.

ಇನ್ನೂ ಪೂರ್ತಿ ಬೆಳಕಾಗಿಲ್ಲ. ಜಗಲಿಗೆ ತಾಗಿದ ಕೋಣೆಯಲ್ಲಿ ಐವತ್ತೇಳರ ಕ್ಯಾಮಿಲಸ್ ಹಿತ್ತಾಳೆಯ ಖಾಲಿ ಕೊಳವೆಯೊಂದನ್ನು ದೀಪಕ್ಕೆ ಹಿಡಿದು ತಿರುಗಿಸುತ್ತಿದ್ದಾರೆ. ನೂರು ವರ್ಷಕ್ಕೂ ಹಳೆಯ ಕೋವಿಗಳಿಗೆ ಹೊಂದುವ ತೋಟಾ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾರಿಸಿದ ತೋಟಾದ ಕೊಳವೆಯನ್ನೇ ತೊಳೆದು, ತಿದ್ದಿ, ಮತ್ತೆ ಮದ್ದು ತುಂಬಿ, ಸೀಸದ ಗುಂಡು ಕೂರಿಸಬೇಕು. ಸರ್ಕಾರದ ಪರವಾನಗಿ ಇರುವ ಈ ಕೋಣೆಯಲ್ಲಿ ಆ ಕೆಲಸ ಬಲ್ಲವರು ಇವರೊಬ್ಬರೇ.

ಕಾರ್ಕಳದ ಕ್ಯಾಮಿಲಸ್ ಮಂಗಳೂರಿನಲ್ಲಿ ಲೇತ್ ಕಲಿತವರು. ರುವೈಸ್‌ನ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ದುಡಿದು ಇಲ್ಲಿಗೆ ಬಂದರು. ದಿನಕ್ಕೆ ಮೂವತ್ತು ತೋಟಾ, ಅದರ ಮೇಲೆ ಒಂದೂ ಇಲ್ಲ. ಕ್ಲಬ್ಬಿನಲ್ಲಿ ಉಳಿದಿರುವ ಕೊಳವೆಗಳು ಎಂಬತ್ತನಾಲ್ಕು. ಕೂದಲೆಳೆಯ ಬಿರುಕು ಕಂಡರೂ ಸುತ್ತಿಗೆಯಿಂದ ಜಜ್ಜಿಬಿಡುತ್ತಾರೆ. "ಸುಮ್ಮನೆ ಬಿಸಾಡಿದ್ರೆ ಯಾರಾದ್ರೂ ಹೆಕ್ಕಿ ತರ್ತಾರೆ ಮಾರಾಯ್ರೆ" ಎನ್ನುತ್ತಾರೆ.

ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಕೆಂಪು ಬಟ್ಟೆ ನೇತಾಡುತ್ತಿದೆ. ಸ್ವಾಗತದ ಮೇಜಿನಲ್ಲಿ ಕೂರುವ ಭಟ್ಕಳದ ಮುನೀರಾ ಕೆಲಸಕ್ಕೆ ಹೊಸಬರು. "ಇದು ಎಂತಕ್ಕೆ ಅಂಕಲ್?" ಎಂದು ಕೇಳುತ್ತಾರೆ. ಕ್ಯಾಮಿಲಸ್ ನಕ್ಕು ಮತ್ತೊಂದು ಕೊಳವೆಯನ್ನು ದೀಪಕ್ಕೆ ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ಇಲ್ಲಿನ ತಕ್ಕಡಿ ಪರೀಕ್ಷಿಸಲು ಬರುವ ಮೋಹನದಾಸ್ ಗ್ಲಾಸು ಕೆಳಗಿಟ್ಟು ಮ್ಯಾನೇಜರ್ ಅಭಿಜೀತರ ಕಡೆ ನೋಡುತ್ತಾರೆ.

"ಹೇಳ್ರಿ, ಹೇಳ್ರಿ" ಎನ್ನುತ್ತಾರೆ ಬೆಳಗಾವಿಯ ಅಭಿಜೀತ. "ನನ್ನ ಮರ್ಯಾದಿ ವರ್ಷಕ್ಕೊಮ್ಮೆ ತಗೀಲಿಕ್ಕಂತ ನೀವು ಅಷ್ಟು ದೂರದಿಂದ ಬರ್ತೀರಿ."

ಮೂರು ಚಳಿಗಾಲದ ಹಿಂದಿನ ಮಾತು. ಎಂಬತ್ತೊಂದರ ಸೈಫ್ ಎಂಬ ಎಮಿರಾಟಿ ಹಿರಿಯರು ತಂದೆಯ ಕೋವಿ ಹೊತ್ತು ಬಂದಿದ್ದಾರೆ. ಅವರ ಕಣ್ಣು ಮಂಜಾಗುತ್ತಿದೆ. ಬಿಸಿಲೇರಿದರೆ ಗುರಿಫಲಕ ಕಾಣುವುದಿಲ್ಲ. ಕಣ್ಣು ಪೂರ್ತಿ ಕತ್ತಲಾಗುವ ಮೊದಲು, ಮೊಮ್ಮಕ್ಕಳೆದುರು, ಎಳೆಬೆಳಕಿನಲ್ಲಿ ಹತ್ತು ಈಡು ಹಾರಿಸಬೇಕೆಂಬುದು ಅವರ ಆಸೆ. ಕ್ಯಾಮಿಲಸ್ ಮದ್ದು ತೂಗಿ ತುಂಬುತ್ತಿದ್ದಾರೆ. ಆಗ ಅಭಿಜೀತ ಒಳಗೆ ತಲೆ ಹಾಕಿ, "ಏನ್ರೀ, ಎಷ್ಟಾದ್ವು?" ಎನ್ನುತ್ತಾರೆ. ಕ್ಯಾಮಿಲಸ್ "ಆರು ಸರ್" ಎಂದು ಉತ್ತರಿಸುತ್ತಾರೆ. ಕೈ ತನ್ನಷ್ಟಕ್ಕೆ ಏಳನೆಯದನ್ನು ಮುಗಿಸುತ್ತದೆ.

ಹತ್ತೂ ಸಿದ್ಧವಾಗಿ ಪೆಟ್ಟಿಗೆಗೆ ಬಿದ್ದ ಮೇಲೆ ಕ್ಯಾಮಿಲಸ್ ಅವರಿಗೆ ಅನುಮಾನ ಹುಟ್ಟುತ್ತದೆ. ಏಳನೆಯದಕ್ಕೆ ಮದ್ದು ಒಮ್ಮೆ ಸುರಿದೆನೋ, ಎರಡು ಸಲವೋ? ಎರಡಾಗಿದ್ದರೆ ಕೋವಿ ಮುದುಕರ ಮುಖದ ಬಳಿಯೇ ಒಡೆದೀತು. ಈಗ ಏಳನೆಯದು ಯಾವುದೆಂದೂ ಗುರುತಿಲ್ಲ.

ಇದನ್ನು ಕೇಳಿ ಹತ್ತನ್ನೂ ಒಂದೊಂದಾಗಿ ತಕ್ಕಡಿಗೆ ಹಾಕಿದ ಅಭಿಜೀತ, "ಎಲ್ಲಾ ಹೆಚ್ಚುಕಡಿಮಿ ಒಂದ ತೂಕ ಅದಾವಲ್ರೀ. ಯಲ್ಲಾ, ಲಗೂನ ಕೊಟ್ಟು ಬಿಡ್ರಿ!" ಎನ್ನುತ್ತಾರೆ.

"ಆ ಹೆಚ್ಚುಕಡಿಮೆಯೇ ಕಷ್ಟ ಸರ್. ಹಳೆ ಕೊಳವೆ, ಒಂದರ ಹಾಗೆ ಇನ್ನೊಂದಿಲ್ಲ. ತಕ್ಕಡಿಗೆ ಗೊತ್ತಾಗುದಿಲ್ಲ."

"ಸೂರ್ಯ ಮ್ಯಾಲ ಬರಾಕತ್ತಾನ! ಅವ್ರು ಹೊಳ್ಳಿ ಹೋದ್ರ ನಾಳೆ ನಿಮ್ಮ ಕೆಲಸ ಖಲಾಸ್, ತಿಳೀತಿಲ್ಲೋ?"

ಕ್ಯಾಮಿಲಸ್ ಮೊದಲ ತೋಟಾವನ್ನು ಇಕ್ಕಳಕ್ಕೆ ಸಿಕ್ಕಿಸುತ್ತಾರೆ. ಒಂದೊಂದೇ ಬಿಚ್ಚುತ್ತ ಮದ್ದನ್ನು ಮತ್ತೆ ತೂಗುತ್ತಾರೆ. ಹೊರಗೆ ಬಿಸಿಲು ಮರಳಿಗಿಳಿಯುತ್ತದೆ. ಹಿರಿಯರು ಬಾಗಿಲಿಗೆ ಬಂದು ನಿಂತಾಗ, ಅಭಿಜೀತ ತಡವರಿಸುತ್ತ ಅರಬ್ಬಿಯಲ್ಲಿ ವಿಷಯ ತಿಳಿಸುತ್ತಾರೆ. ಮುದುಕರು ಬೈಯುವುದಿಲ್ಲ. ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಬಳಿ ಕುಳಿತು, ಹತ್ತನೆಯದು ಬಿಚ್ಚುವವರೆಗೂ ಕ್ಯಾಮಿಲಸ್ ಅವರ ಎರಡು ಕೈಗಳನ್ನೇ ನೋಡುತ್ತಾರೆ.

"ಯಾವುದರಲ್ಲಿತ್ತು?" ಮುನೀರಾ ತಡೆಯಲಾರದೆ ಕೇಳುತ್ತಾರೆ.

"ಯಾವುದರಲ್ಲೂ ಇಲ್ಲ" ಎನ್ನುತ್ತಾರೆ ಮೋಹನದಾಸ್. "ಹತ್ತೂ ಸರಿ ಇದ್ದವು."

"ನಾನು ಸಿಟ್ಟಿಲೆ ಕುಣಿದಾಡಿಬಿಟ್ಟೆ" ಅಭಿಜೀತ ತಲೆ ಕೆರೆದುಕೊಳ್ಳುತ್ತಾರೆ. "ನೋಡ್ರಿ, ಎಲ್ಲಾ ಸರಿನ ಇತ್ತಲ್ರೀ ಅಂತ ಒದರಿದೆ. ಇವ್ರು ಏನಂದ್ರು ಗೊತ್ತೇನು?"

ಆ ಮಾತನ್ನು ಒಳಗಿನಿಂದ ಕ್ಯಾಮಿಲಸ್ ಅವರೇ ಹೇಳುತ್ತಾರೆ. "ಸರಿ ಇತ್ತು ಅಂತ ಈಗ ಗೊತ್ತಾಯ್ತು ಸರ್. ಆಗ ಗೊತ್ತಿರ್ಲಿಲ್ಲ."

ಸೈಫ್ ಮರುದಿನ ನಸುಕಿನಲ್ಲೇ ಬಂದರು. ಹತ್ತು ಈಡೂ ಹಾರಿದವು, ನಾಲ್ಕು ಗುರಿಗೆ ತಾಗಿದವು. ಕೆಲಸ ಉಳಿಯಿತು. ಕೆಂಪು ಬಟ್ಟೆ ತಂದು ಮೊಳೆ ಹೊಡೆದವರು ಅಭಿಜೀತ. ಅದು ಬಾಗಿಲ ಮೇಲಿದ್ದರೆ ಯಾರೂ ಮಾತಾಡಬಾರದು, ತಾವೂ ಸೇರಿ. ಸೈಫರ ಕಣ್ಣು ಈಗ ಪೂರ್ತಿ ಹೋಗಿದೆ. ಇಂದು ಅದೇ ಕೋವಿಯನ್ನು ಮೊಮ್ಮಗಳು ಹಾರಿಸುತ್ತಾಳೆ, ಅಜ್ಜ ಕೇಳಿಸಿಕೊಳ್ಳಲು ಬರುತ್ತಾರೆ.

"ಸದ್ದು ಕೇಳಿಯೇ ಅವರು ಹೇಳ್ತಾರೆ, ಇದು ನಾನು ತುಂಬಿದ್ದು ಹೌದೋ ಅಲ್ವೋ ಅಂತ" ಎನ್ನುತ್ತಾರೆ ಕ್ಯಾಮಿಲಸ್. "ಇಷ್ಟರವರೆಗೆ ಅಲ್ಲ ಅಂತ ಹೇಳಿದ್ದಿಲ್ಲ. ಇವತ್ತೂ ಹೇಳದಿದ್ರೆ ಸಾಕು."

ಅಷ್ಟು ಹೇಳಿ ಎದ್ದು ಬಂದು, ಬಟ್ಟೆಯನ್ನು ಬಾಗಿಲಿಗೆ ಹಾಕಿ ಮದ್ದಿನ ಡಬ್ಬಿ ತೆರೆಯುತ್ತಾರೆ.

ಜಗಲಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಮೋಹನದಾಸ್ ಗ್ಲಾಸುಗಳನ್ನು ಸದ್ದಾಗದಂತೆ ಒಟ್ಟುಮಾಡುತ್ತಾರೆ. ಕಥೆ ಕೇಳುತ್ತ ಕುಳಿತಿದ್ದ ರಾತ್ರಿ ಪಾಳಿಯ ಕಾವಲುಗಾರರು ಎದ್ದು ಮನೆಯ ದಾರಿ ಹಿಡಿಯುತ್ತಾರೆ. ಮುನೀರಾ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಾರೆ. ಬರುತ್ತೇನೆಂದು ಯಾರೂ ಯಾರಿಗೂ ಹೇಳುವುದಿಲ್ಲ.