ದೀಪಾವಳಿಗೇ ಮುಗಿದ ಬ್ಯಾಸ್ಕೆಟ್‌ಬಾಲ್ ಸೀಸನ್

ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ನಡುವೆ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ಅನೇಕರು ನಂಬುತ್ತಿರಲಿಲ್ಲ; ಅಂಕಣದ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಕೆಲವರೂ ಅವರಲ್ಲಿ ಸೇರಿದ್ದರು. ನಮ್ಮ ಚನ್ನಗಿರಿಯ ರಿಂಗನ್ನು ಗಾಡಿ ಚಕ್ರಕ್ಕೆ ಹಳಿ ಕಟ್ಟುವ ಕಮ್ಮಾರರು ಮಾಡಿಕೊಟ್ಟಿದ್ದರು. ಅದು ಪೂರ್ತಿ ದುಂಡಗಿರಲಿಲ್ಲ. ಗಟ್ಟಿಯಾಗಿತ್ತು ಎಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ.

ದೀಪಾವಳಿಯ ಮರುವಾರ ಶುರುವಾದ ಸೀಸನ್ ಶಿವರಾತ್ರಿಯ ಹೊತ್ತಿಗೆ ಮುಗಿಯುತ್ತಿತ್ತು. ನಾಲ್ಕೂ ಊರಿನ ಆಟಗಾರರಲ್ಲಿ ಅತಿ ಬೆಲೆಯುಳ್ಳವನು ಯಾರು ಎಂಬ ತೀರ್ಮಾನ ಮಾತ್ರ ಶಿವರಾತ್ರಿಯವರೆಗೆ ಕಾಯುತ್ತಿರಲಿಲ್ಲ. ಪ್ರತಿ ತಂಡ ಒಂದು ಪಂದ್ಯ ಆಡುವಷ್ಟರಲ್ಲಿ ಅದು ಹೊರಬಿದ್ದು, ಶಾಲು ಹೊದಿಸಿಯೂ ಆಗಿರುತ್ತಿತ್ತು. ಶಾಲಿನವನೇ ಜಿಲ್ಲಾ ಪಂದ್ಯಕ್ಕೆ ಹೋಗುವ ಕೂಡು ತಂಡದ ನಾಯಕ. ತೀರ್ಪುಗಾರರು ಮೂವರು ಅಡಿಕೆ ವ್ಯಾಪಾರಿಗಳು. ಚೆಂಡು, ಶಾಲು, ಬಸ್ ಚಾರ್ಜು ಎಲ್ಲ ಅವರದೇ. ಅವರಲ್ಲಿ ಹಿರಿಯರು ನಮ್ಮ ತಂದೆ.

ಮಂಡಿಯಲ್ಲಿ ಅಡಿಕೆಯ ಗುಣ ನೋಡುವ ಕ್ರಮ ತಿಳಿಯದೆ ಈ ತೀರ್ಪಿನ ಗಾಂಭೀರ್ಯ ತಿಳಿಯುವುದಿಲ್ಲ. ಮೂಟೆಯ ಬಾಯಿ ಬಿಚ್ಚಿ, ಮೇಲಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಆಡಿಸಿ, ಒಂದನ್ನು ಕಡಿದು ದರ್ಜೆ ಹೇಳಿಬಿಡಬೇಕು. ಎಲ್ಲಕ್ಕಿಂತ ಮೇಲಿನದು ಸರಕು, ಆಮೇಲೆ ಬೆಟ್ಟೆ, ಆಮೇಲೆ ರಾಶಿ. ಏನೂ ಅಲ್ಲದ್ದು ಗೊರಬಲು. ಒಮ್ಮೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅಡಿಯಲ್ಲಿ ಬರೀ ಸಿಪ್ಪೆ ಸಿಕ್ಕಿದರೂ ನಮ್ಮ ತಂದೆ ಆಡಿದ ದರವನ್ನೇ ಕೊಡುತ್ತಿದ್ದರು. ಹಾಗೆ ಕೈ ಸುಟ್ಟುಕೊಂಡ ಸಂದರ್ಭಗಳನ್ನು ಅವರು, ಬೇರೆಯವರು ಮದುವೆಯ ಊಟವನ್ನು ನೆನೆಯುವಂತೆ, ನೆನೆಯುತ್ತಿದ್ದರು.

ಆ ವರ್ಷ ನನ್ನ ಕಾಲೇಜು ಮುಗಿದಿತ್ತು. ತಂದೆಯವರು ಕರಾರು ಹಾಕಿದರು.

“ಈ ಸಲ ಮೊದಲನೇವನಾಗಿ ಬಂದ್ರೆ ಇನ್ನೊಂದು ವರ್ಷ ಆಡಾಕೆ ಬಿಡ್ತೀನಿ. ಇಲ್ಲ ಅಂದ್ರೆ ಚೆಂಡು ಅಲ್ಲಿಟ್ಟು ಮಂಡಿಗೆ ಬಂದು ಕುತ್ಕ.”

ನಾನು ಒಪ್ಪಿದೆ. ಒಪ್ಪುವಾಗ ಮರೆತದ್ದು ಪಂಚಾಂಗವನ್ನು. ಚನ್ನಗಿರಿಯಲ್ಲಿ ದೀಪಾವಳಿ ಎಂದರೆ ಅಡಿಕೆಯ ಭರಾಟೆ. ಬೆಳಗಿನಿಂದ ಸಂಜೆಯವರೆಗೆ ತಂದೆಯವರ ಮಂಡಿಯಲ್ಲಿ ಮೂಟೆ ಎತ್ತಿ, ಇಳಿಸಿ, ತೂಗಿ, ಆ ಭುಜಗಳನ್ನೇ ಹೊತ್ತುಕೊಂಡು ನಾನು ಅಂಕಣಕ್ಕೆ ಓಡಬೇಕಿತ್ತು. ಜಗಳೂರು ಬಯಲುಸೀಮೆ. ಅಲ್ಲಿಯ ಹುಡುಗರು ಶೇಂಗಾ ಕಿತ್ತು ಮುಗಿಸಿ, ಕೈ ಬೀಸಿಕೊಂಡು ಬಸ್ಸಿಳಿಯುತ್ತಿದ್ದರು.

ನಮ್ಮ ಮೊದಲ ಪಂದ್ಯ ಜಗಳೂರಿನವರ ಮೇಲೆಯೇ ಬಿತ್ತು. ಅವರಲ್ಲೊಬ್ಬ ಉದ್ದನೆಯವನಿದ್ದ. ಬಲಕ್ಕೆ ತಿರುಗಿ ಹಾರುತ್ತಿದ್ದ, ಚೆಂಡು ಒಳಗೆ ಬೀಳುತ್ತಿತ್ತು. ನಾನು ಎಸೆದದ್ದು ರಿಂಗಿಗಿಂತ ಮೊಳ ಕೆಳಗೆ ಹಲಗೆಗೆ ಬಡಿದು, ದುಃಖ ಹೇಳಿಕೊಳ್ಳಲು ಬಂದಂತೆ ನನ್ನ ಹತ್ತಿರವೇ ವಾಪಸಾಗುತ್ತಿತ್ತು.

ತೀರ್ಪುಗಾರರು ಕಬ್ಬಿಣದ ಕುರ್ಚಿಗಳಲ್ಲಿ ಕೂತಿದ್ದರು. ಅವರಲ್ಲಿ ನ್ಯಾಮತಿಯ ವ್ಯಾಪಾರಿಯೊಬ್ಬರಿಗೆ ಆಟದ ನಿಯಮಗಳ ಬಗ್ಗೆ ಸ್ವಂತ ಅಭಿಪ್ರಾಯಗಳಿದ್ದವು. ಎದುರಿನವನು ಫೌಲ್ ಮಾಡಿದ್ದಕ್ಕೆ ನನಗೆ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಫ್ರೀ ಥ್ರೋ ಸಿಕ್ಕಿತು. ಎಲ್ಲರೂ ಸುಮ್ಮನೆ ನಿಂತು ನೋಡುತ್ತಿರುವಾಗ ನಾನೊಬ್ಬನೇ ಗೆರೆಯ ಮೇಲೆ ನಿಂತದ್ದನ್ನು ಕಂಡು ಅವರು ಮರುಗಿದರು.

“ಪಾಪ, ಏನು ತಪ್ಪು ಮಾಡಿದ್ನೋ, ಎಲ್ಲರ ಮುಂದೆ ನಿಲ್ಲಿಸಿದ್ರಲ್ರೀ.”

ಅರ್ಧ ಆಟಕ್ಕೆ ಮೂವರೂ ಎದ್ದು ಹೋದರು. ಮಂಡಿಯಲ್ಲಿ ತೂಕ ಬಾಕಿ ಇತ್ತು. ಇದೇನೂ ಅಪರೂಪವಲ್ಲ, ಪೂರ್ತಿ ಪಂದ್ಯ ನೋಡುವುದು ತಮ್ಮ ಅನುಭವಕ್ಕೆ ಅವಮಾನ ಎಂದು ಅವರು ತಿಳಿದಿದ್ದರು.

ಆ ವಾರದ ಕೊನೆಗೆ ನಮ್ಮ ಮಂಡಿಯ ಗಾದಿಯ ಮೇಲೆ ನ್ಯಾಯಪೀಠ ಸೇರಿತು. ಚಹಾ ತಂದಿಟ್ಟವನು ನಾನೇ. ನಾನು ಅಲ್ಲೇ ನಿಂತಿದ್ದರೂ ಯಾರಿಗೂ ಸಂಕೋಚವಾಗಲಿಲ್ಲ. ಅಡಿಕೆಯ ದರ್ಜೆ ಹೇಳುವಾಗ ಅಡಿಕೆಯನ್ನು ಹೊರಗೆ ಕಳಿಸುವ ಪದ್ಧತಿ ಇಲ್ಲವಲ್ಲ.

“ಜಗಳೂರಿನ ಉದ್ದನೇವನು ಸರಕು. ಎರಡು ಮಾತಿಲ್ಲ,” ಎಂದರು ನ್ಯಾಮತಿಯವರು. “ಹೊನ್ನಾಳಿಯ ಗಿಡ್ಡ ಬೆಟ್ಟೆ. ನಿಮ್ಮ ಹುಡುಗಂದು ಹೆಂಗ್ರಿ?”

ತಂದೆಯವರು ಚಹಾ ಊದಿದರು.

“ಗೊರಬಲು.”

“ಅಷ್ಟು ಕೆಳಗೆ ಬ್ಯಾಡ್ರಿ. ರಾಶಿ ಅನ್ರಿ. ಮನೆ ಹುಡುಗ.”

“ಮನೆ ಮಾಲು ಅಂತ ಮೇಲೆ ಇಡಾಕೆ ಬರತ್ತೇನ್ರಿ? ನೋಡಿದ್ದನ್ನ ಹೇಳಿದೆ.”

“ಅಪ್ಪಾಜಿ, ಬೆಳಗಿಂದ ಮೂಟೆ ಹೊತ್ತಿದ್ದೆ,” ಎಂದೆ. “ಕೈ ಮೇಲೆ ಏಳ್ತಿರಲಿಲ್ಲ. ಸಂಕ್ರಾಂತಿ ಕಳೀಲಿ, ಆಮೇಲೆ ನೋಡ್ರಿ.”

“ಸಂಕ್ರಾಂತಿ ತನಕ ಮೂಟೆ ಬಾಯಿ ಬಿಚ್ಚಿಟ್ಕಂಡು ಕುಂತ್ರೆ ವ್ಯಾಪಾರ ಮಾಡ್ದಂಗೇ ಐತೆ,” ಎಂದು ನ್ಯಾಮತಿಯವರು ನಕ್ಕರು. ತಂದೆಯವರು ಖಾಲಿ ಲೋಟವನ್ನು ನನ್ನ ಕೈಗಿಟ್ಟರು.

ಅಮೆರಿಕದಲ್ಲಿ ದುಡ್ಡಿಗಾಗಿ ಆಡುವ ಮಹಾ ಮಹಾ ಆಟಗಾರರನ್ನೂ ಸೀಸನ್ ಕಣ್ಣು ಬಿಡುವ ಮೊದಲೇ ಹೀಗೆ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುತ್ತಾರೆಂದು ಬಹಳ ವರ್ಷಗಳ ಮೇಲೆ ಪತ್ರಿಕೆಯಲ್ಲಿ ಓದಿದೆ. ಅಲ್ಲಿಯೂ ಅಡಿಕೆ ವ್ಯಾಪಾರಿಗಳಿದ್ದಾರೆ ಎಂದು ತಿಳಿದು ಕೊಂಚ ಸಮಾಧಾನವಾಯಿತು.

ಆದರೆ ಆಗ ಸಮಾಧಾನ ಎಲ್ಲಿಂದ ಬರಬೇಕು? ಸಿಟ್ಟಿನಲ್ಲೇ ಆಡಿದೆ. ಸಂಕ್ರಾಂತಿ ಕಳೆದು ಮಾಲು ಇಳಿಮುಖವಾದ ಹಾಗೆ ಭುಜಗಳು ನನ್ನವೇ ಆದವು. ಅಷ್ಟು ದಿನ ಮೂಟೆ ಎತ್ತಿದ್ದ ತೋಳಿಗೆ ಚೆಂಡು ಹತ್ತಿಯ ಹಾಗೆ ಕಾಣತೊಡಗಿತು. ಹೊನ್ನಾಳಿಯಲ್ಲಿ ಹೊಳೆಯ ಕಡೆಯಿಂದ ಬೀಸುವ ಗಾಳಿಯಲ್ಲೂ ಗುರಿ ತಪ್ಪಲಿಲ್ಲ. ನ್ಯಾಮತಿಯಲ್ಲಿ ನಮ್ಮನ್ನು ಬೈದವರೇ ಪಂದ್ಯ ಮುಗಿದ ಮೇಲೆ ಮಂಡಕ್ಕಿ ಕೊಡಿಸಿದರು. ಅತ್ತ ಜಗಳೂರಿನ ಉದ್ದನೆಯವನು ಬಲಕ್ಕೆ ಮಾತ್ರ ತಿರುಗುತ್ತಾನೆ ಎಂಬುದು ನಾಲ್ಕೂ ಊರಿಗೆ ಗೊತ್ತಾಗಿಹೋಗಿತ್ತು.

ಕೊನೆಯ ಪಂದ್ಯ ಜಗಳೂರಿನಲ್ಲಿ. ಕೂಡು ತಂಡದ ನಾಯಕನನ್ನು ಸಮಾರೋಪದ ಸಭೆಗೆ ಪರಿಚಯಿಸಬೇಕಾಗಿದ್ದರಿಂದ ತೀರ್ಪುಗಾರರೂ ಬಂದರು. ವಾಪಸ್ ಹೋಗಲು ಸಂಜೆಯವರೆಗೆ ಬಸ್ಸಿರಲಿಲ್ಲ. ಹೀಗಾಗಿ ನಮ್ಮ ತಂದೆ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪೂರ್ತಿ ಪಂದ್ಯ ನೋಡಬೇಕಾಯಿತು. ಅವತ್ತು ನಾನು ಹೇಗೆ ಆಡಿದೆ ಎಂದು ನಾನೇ ಬರೆದರೆ ಚೆನ್ನಾಗಿರುವುದಿಲ್ಲ. ನಾವು ಗೆದ್ದೆವು, ಉದ್ದನೆಯವನು ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದ.

“ಆ ಶಾಲು ನೀನೇ ಇಟ್ಕಳೋ ಮಾರಾಯ. ಹೊದ್ದಾಗಿಂದ ನನ್ ಆಟ ಕೆಟ್ಟೈತೆ.”

ಕುರ್ಚಿಗಳ ಕಡೆ ನೋಡಿದೆ. ನ್ಯಾಮತಿಯವರು ತಲೆ ಆಡಿಸುತ್ತಿದ್ದರು.

“ಏನ್ರಿ ಇದು, ನಿಮ್ ಹುಡುಗ ಸರಕು ಕಣ್ರಿ. ಮುಂದಿನ ವರ್ಷ ಕಣ್ಣು ಮುಚ್ಕಂಡು ಇವನನ್ನೇ ಮೊದಲು ಅನ್ನಾಣ.”

ಮುಂದಿನ ವರ್ಷ. ಅವರ ಔದಾರ್ಯಕ್ಕೆ ಮಿತಿಯಿರಲಿಲ್ಲ. ನನ್ನ ಹತ್ತಿರ ಇಲ್ಲದೇ ಇದ್ದ ಒಂದೇ ವಸ್ತುವನ್ನು ನನಗೆ ದಾನ ಮಾಡಿದರು. ಸಭೆಯಲ್ಲಿ ಉದ್ದನೆಯವನನ್ನೇ ನಾಯಕನೆಂದು ಪರಿಚಯಿಸಿದರು. ಅವನು ತಲೆ ತಗ್ಗಿಸಿ ಕೈ ಮುಗಿದ.

ದಾವಣಗೆರೆ ಬಸ್ಸಿನಲ್ಲಿ ತಂದೆಯವರ ಪಕ್ಕದಲ್ಲೇ ಜಾಗ ಸಿಕ್ಕಿತು.

“ಪೂರಾ ನೋಡಿದ್ರಲ್ಲ ಅಪ್ಪಾಜಿ?”

“ನೋಡ್ದೆ.”

“ಹೆಂಗಿತ್ತು?”

“ಚೆನ್ನಾಗಿತ್ತು.” ಟಿಕೆಟನ್ನು ಮಡಚಿ ಜೇಬಿಗಿಟ್ಟು, “ಬಾಳ ಚೆನ್ನಾಗಿತ್ತು,” ಎಂದರು.

“ಹಂಗಾದ್ರೆ ಇನ್ನೊಂದು ವರ್ಷ…”

“ಮಾತು ಆಗೋಗೈತಲ್ಲಪ್ಪ,” ಎಂದರು. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಬೇಸರದಿಂದ ಹೇಳಿದರು.

ಮರುದಿನ ಮಂಡಿಗೆ ಹೋಗಿ ಕೂತೆ. ಸಂತೇಬೆನ್ನೂರಿನ ರೈತರೊಬ್ಬರು ಸೀಸನ್ನಿನ ಕೊನೆಯ ಮಾಲು ತಂದಿದ್ದರು. ತಂದೆಯವರು ಎಂದಿನಂತೆ ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು, ಕಡಿದು, “ರಾಶಿ” ಎಂದು ದರ ಹೇಳಿದರು. ರೈತರು ತಲೆಯಾಡಿಸಿ ಬೀಡಿ ಹಚ್ಚಲು ಹೊರಗೆ ಹೋದರು.

ಆಗ ತಂದೆಯವರು ನಾನು ಎಂದೂ ಕಾಣದ ಕೆಲಸವೊಂದನ್ನು ಮಾಡಿದರು. ಅಂಗಿಯ ತೋಳು ಮಡಚಿ, ಭುಜದವರೆಗೆ ಕೈಯನ್ನು ಮೂಟೆಯೊಳಗೆ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ನನ್ನ ಮುಂದೆ ಹಿಡಿದರು. ಮೇಲಿನದಕ್ಕಿಂತ ಎಷ್ಟೋ ಮೇಲಾದ ಮಾಲು. ಕೆಂಪಗೆ ಹೊಳೆಯುವ ಶುದ್ಧ ಸರಕು. ಒಳ್ಳೆಯದನ್ನು ಅಡಿಗೆ ಹಾಕಿ, ಸಾಧಾರಣವಾದದ್ದನ್ನು ಬಾಯಿಗೆ ತುಂಬಿ ತಂದ ಆ ಪುಣ್ಯಾತ್ಮರನ್ನು ನಾನು ಬಾಗಿಲಿನಾಚೆ, ನನ್ನದೇ ತಪ್ಪು ಮಾಡಿದ ಅಣ್ಣನೊಬ್ಬನನ್ನು ನೋಡುವಂತೆ ನೋಡಿದೆ.

ತಂದೆಯವರೂ ಅಂಗೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಡಿಕೆಯನ್ನು ಮೂಟೆಗೆ ಸುರಿದು, ಬಾಯಿ ಕಟ್ಟಿ, “ರಾಶಿ ಅಂದೀನಿ. ತೂಕಕ್ಕೆ ಇಡು,” ಎಂದರು.

ಮೂಟೆಗೆ ಕೈ ಕೊಟ್ಟೆ. ಭುಜ ಒಳ್ಳೆಯ ಫಾರ್ಮಿನಲ್ಲಿತ್ತು. ಮೂಟೆ ಒಂದೇ ಏಟಿಗೆ ಮೇಲೆದ್ದಿತು.