ಜಲಪಾತದ ಮುಂದೆ ಅವ್ವನ ಪಾಳಿ

“ನೀರು ಬಂದ್ವು! ಬಿಂದಿಗಿ ತರ್ರಿ, ಲಗೂನ ಬರ್ರಿ!”

ಸಂಡೂರಿನ ಗುಡ್ಡದಲ್ಲಿ ಆ ಪುಟ್ಟ ಜಲಪಾತ ಕಂಡದ್ದೇ ತಡ, ಅವ್ವ ಹೀಗೆ ಕೂಗಿಬಿಟ್ಟಳು. ಸೆಲ್ಫಿ ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಚಳಿಗಾಲವಾದ್ದರಿಂದ ಬಂಡೆಯ ಮೇಲಿಂದ ನೀರು ನಲ್ಲಿಯ ಧಾರೆಯಷ್ಟೇ ದಪ್ಪಗೆ ಬೀಳುತ್ತಿತ್ತು. ಮರೆವಿನ ಕಾಯಿಲೆಯಿಂದ ನನ್ನ ಹೆಸರನ್ನೂ ಮರೆತಿರುವ ಅವ್ವನಿಗೆ ಬಳ್ಳಾರಿಯ ನಮ್ಮ ಓಣಿಯ ನಲ್ಲಿ ಮಾತ್ರ ನೆನಪಿತ್ತು. ವಾರಗಟ್ಟಲೆ ಕಾದ ಮೇಲೆ ಅದರಲ್ಲಿ ನೀರು ಬಂದರೆ, ಮೊದಲು ಕಂಡವರು ಓಣಿಗೆಲ್ಲ ಕೇಳುವಂತೆ ಹೀಗೆಯೇ ಕೂಗುತ್ತಾರೆ.

ಸಮಾಧಾನ ಮಾಡಲೆಂದು ಅವಳ ಕೈ ಹಿಡಿದೆ. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡಿದ್ದ, ಗುರುತೇ ಇಲ್ಲದ ಹೆಂಗಸೊಬ್ಬಳು ತನ್ನ ಖಾಲಿ ಬುತ್ತಿ ಡಬ್ಬಿ ಹಿಡಿದು ಬಂದಳು. ಅವಳೂ ನಮ್ಮೂರ ಕಡೆಯವಳೇ ಇರಬೇಕು.

“ತಗೋರಿ ಅಮ್ಮಾ, ಬಿಂದಿಗಿ ತಂದೀನಿ. ಮೊದಲ ಪಾಳಿ ನಿಮ್ದೇ.”

ಅವ್ವ ಡಬ್ಬಿಯನ್ನು ನೀರಿಗೆ ಹಿಡಿದು ಕಂಠಮಟ್ಟ ತುಂಬಿಸಿದಳು. ಸೆರಗಿನಿಂದ ಅದರ ತಳ ಒರೆಸಿ, ತಿರುಗಿ ಅವಳ ಕೈಗೇ ಕೊಟ್ಟಳು.

“ಕೂಸು ಇದ್ದಾಕಿ, ನೀ ಮೊದಲು ಒಯ್ಯವ್ವ. ನನಗ ಮಗಳು ಅದಾಳ, ಆಮ್ಯಾಲ ತುಂಬ್ತಾಳ.”

ಮಗಳು ಎಂಬ ಮಾತನ್ನು ಅವ್ವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ!

ಈಗ ಓಣಿಯ ನಲ್ಲಿಗೆ ನೀರು ಬಂದ ದಿನ ಅವ್ವನನ್ನು ಹೊಸ್ತಿಲ ಬಳಿ ಕೂರಿಸುತ್ತೇನೆ. ಅವಳು ಕೂಗುವವರೆಗೆ ನೆರೆಯವರು ಯಾರೂ ನಲ್ಲಿಯ ಕೆಳಗೆ ಬಿಂದಿಗೆ ಇಡುವುದಿಲ್ಲ.