ಗುಂಡಿ ಉದುರುವಷ್ಟು ದಿನ ಶಾಲೆಟ್‌ಗೆ ಕೆಲಸ

ಕಾಲರಿನ ಕೆಳಗಿನ ಗುಂಡಿ ಮುಗಿಸಿ, ದಾರವನ್ನು ಹಲ್ಲಿನಿಂದ ತುಂಡರಿಸಿ, ಶಾಲೆಟ್ ಈಗ ಹೊಟ್ಟೆಯ ಮೇಲೆ ಬರುವ ಗುಂಡಿಗೆ ಇಳಿಯುತ್ತಾರೆ. ಹೊರಗೆ ಮಸ್ಕತ್ತಿನ ಘಾಲಾ ಪ್ರದೇಶದ ಗ್ಯಾರೇಜುಗಳ ಶಟರುಗಳು ಒಂದೊಂದಾಗಿ ಏಳುತ್ತಿವೆ.

"ಸೆಕ್ಯುರಿಟಿಯವರ ಅಂಗಿಯಲ್ಲಿ ನಿಜವಾದ ಡ್ಯೂಟಿ ಇರುವುದು ಈ ಒಂದು ಬಟನ್‌ಗೆ ಮಾರಾಯ್ರೆ. ಉಳಿದದ್ದೆಲ್ಲ ಚಂದಕ್ಕೆ," ಎನ್ನುತ್ತಾ ಅದಕ್ಕೆ ದಾರದ ಸುತ್ತು ಹೆಚ್ಚೇ ಹಾಕುತ್ತಾರೆ.

ಉಡುಪಿ ಕಡೆಯ ಶಿರ್ವದ ಈ ಐವತ್ತರ ಹೆಂಗಸು ಇಪ್ಪತ್ತೆರಡು ವರ್ಷಗಳಿಂದ ಈ ಯೂನಿಫಾರ್ಮ್ ವರ್ಕ್‌ಶಾಪಿನಲ್ಲಿದ್ದಾರೆ. ದಿನಕ್ಕೆ ನಲವತ್ತು ಅಂಗಿ ಇವರ ಕೈ ದಾಟುತ್ತವೆ. ಮಸ್ಕತ್ತಿನ ಕಾವಲುಗಾರರು, ಡ್ರೈವರುಗಳು, ಆಸ್ಪತ್ರೆಯ ವಾರ್ಡ್‌ಬಾಯ್‌ಗಳು ಮಾನದಿಂದ ಓಡಾಡುವುದರಲ್ಲಿ ಇವರ ಪಾಲೂ ಇದೆ. ತೊಟ್ಟವರಿಗೆ ಇವರ ಹೆಸರು ಗೊತ್ತಿಲ್ಲ. "ಬಟನ್ ಉದುರಿದರೆ ನೆನಪು ಮಾಡ್ತಾರಲ್ಲ, ಬೈಯಲಿಕ್ಕೆ," ಎಂದು ನಗುತ್ತಾರೆ.

ಈ ವರ್ಷ ಮಾಲೀಕರು ಹೊಲಿಗೆ ನಿಲ್ಲಿಸಿದ್ದಾರೆ. ಹೊರದೇಶದ ಸಿದ್ಧ ಅಂಗಿ ಇಲ್ಲಿನ ಬಟ್ಟೆಗಿಂತಲೂ ಅಗ್ಗವಾಗಿ ಕಂಟೇನರಿನಲ್ಲಿ ಬಂದಿಳಿಯುತ್ತಿದೆ. ಹೊಲಿಯುವವರೆಲ್ಲ ಖಲಾಸ್. ಸಮಾಧಾನವೆಂದರೆ, ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಉದ್ಯಮಿಗಳ ಸಂಘವೊಂದು ನೆರವು ಕೊಡುತ್ತಿದೆ: ಆರು ತಿಂಗಳ ಸಂಬಳ, ಜೊತೆಗೆ ಬೇರೆ ಕೆಲಸ ಕಲಿಯುವ ಖರ್ಚು. ಮಂಡ್ಯ ಕಡೆಯ ಕಟಿಂಗ್ ಮಾಸ್ಟರ್ ಹೊನ್ನಪ್ಪ ಏಸಿ ರಿಪೇರಿ ಕಲಿಯುತ್ತಿದ್ದಾರೆ. "ಏಣಿ ಹತ್ತಿದ್ರೆ ತಲೆ ತಿರುಗ್ತದೆ ಕಣಮ್ಮ. ಕೆಳಗಡೆ ಇಟ್ಟಿರೋ ಏಸಿ ಮಾತ್ರ ಒಪ್ಕೊಳೋದು."

ಶಾಲೆಟ್‌ಗೆ ಕೇಕ್ ಕಲಿಯುವ ಆಸೆ. ಕ್ರೀಮಿನಲ್ಲಿ ಹೂ ಬಿಡಿಸುವುದನ್ನು ಫೋನಿನಲ್ಲಿ ನೋಡುತ್ತಾ ಎಷ್ಟೋ ರಾತ್ರಿ ಅನ್ನ ತಳ ಹಿಡಿಸಿದ್ದಾರೆ. ಆದರೆ ನೆರವಿಗೆ ಅರ್ಹರಾಗಲು ಕೆಲಸ ಪೂರ್ತಿ ಹೋಗಿರಬೇಕು. ಇವರದು ಅರ್ಧವೇ ಹೋಗಿದೆ. ಬಂದಿಳಿದ ಅಂಗಿಗಳ ಗುಂಡಿಗಳು ಮುಟ್ಟಿದರೆ ಉದುರುತ್ತವೆ. ಅದಕ್ಕೆಂದೇ ಮಾಲೀಕರು ಇವರನ್ನು ಅರ್ಧ ದಿನ, ಅರ್ಧ ಸಂಬಳಕ್ಕೆ ಉಳಿಸಿಕೊಂಡಿದ್ದಾರೆ. ಕೆಲಸ ಹೋದವರೆಲ್ಲ ಸರದಿಯಲ್ಲಿ ಬಂದು, ಕೆಲಸ ಉಳಿದ ಶಾಲೆಟ್‌ಗೆ ಸಮಾಧಾನ ಹೇಳಿ ಹೋಗಿದ್ದಾರೆ.

ಆದರೂ ಶಾಲೆಟ್ ಹಾಕಿದ್ದ ಅರ್ಜಿಯ ವಿಚಾರಣೆಗೆ ಕಳೆದ ವಾರ ಬೌಷರ್‌ನಲ್ಲಿರುವ ಸಂಘದ ಕಚೇರಿಯಿಂದ ಡಿಯೋನ್ ಎಂಬ ಮಂಗಳೂರಿನ ಹುಡುಗ ಬಂದಿದ್ದ. ಹೊನ್ನಪ್ಪ ಮೊದಲೇ ಪಾಠ ಹೇಳಿಕೊಟ್ಟಿದ್ದರು: "ಕೈ ಕಟ್ಕೊಂಡು ಕೂತ್ಕೊಳಿ. ಕೆಲಸ ಕಳ್ಕೊಂಡೋರ ಥರ ಕಾಣ್ಬೇಕು."

ಶಾಲೆಟ್ ಕೈ ಕಟ್ಟಿಯೇ ಕೂತಿದ್ದರು. ಹೊನ್ನಪ್ಪನವರಿಗೂ ತಿಳಿಯಲೆಂದು ಡಿಯೋನ್ ಕೊಂಕಣಿ ಬಿಟ್ಟು ಕನ್ನಡದಲ್ಲೇ ಕೇಳಿದ: "ಆಂಟಿ, ನಿಮಗೀಗ ಇಲ್ಲಿ ಮಾಡಲಿಕ್ಕೆ ಏನೂ ಕೆಲಸ ಇಲ್ಲ. ಹೌದಾ?"

"ಏನೂ ಇಲ್ಲ ಬಾಬಾ," ಎಂದ ಶಾಲೆಟ್‌ರ ಕಣ್ಣು ಅವನ ತೋಳಿನ ಮೇಲೆ ಬಿತ್ತು. ಅಲ್ಲೊಂದು ಗುಂಡಿ ಒಂದೆಳೆಯಲ್ಲಿ ತೂಗುತ್ತಿತ್ತು. "ಕೈ ಕೊಡು ಇಲ್ಲಿ."

"ಬೇಡ ಆಂಟಿ, ನಾನೀಗ ವಿಚಾರಣೆ ಮಾಡ್ತಿದ್ದೇನೆ."

"ಮಾಡು, ಯಾರು ಬೇಡ ಹೇಳಿದ್ದು? ಅಲ್ಲಾಡಬೇಡ, ಸೂಜಿ ಚುಚ್ತದೆ."

ಹೊನ್ನಪ್ಪ ಹಣೆಗೆ ಕೈ ಹಚ್ಚಿಕೊಂಡರು. ಗುಂಡಿ ಗಟ್ಟಿಯಾಯಿತು. ಡಿಯೋನ್ ಅದೇ ಕೈಯಲ್ಲಿ "ಕೆಲಸ ಇದೆ" ಎಂದು ಬರೆದ.

ಬರೆದ ಮೇಲೆ ಅವನಿಗೇ ನಿದ್ದೆ ಬರಲಿಲ್ಲವಂತೆ. ನಿನ್ನೆ ಒಂದು ಹಾಳೆ ಟೈಪ್ ಮಾಡಿ ತಂದುಕೊಟ್ಟಿದ್ದಾನೆ: 'ಗುಂಡಿ ಹಾಕುವುದು ಕೆಲಸವೇ ಅಲ್ಲ. ಬೇಸರ ಕಳೆಯಲು ಮಾಡುತ್ತಿದ್ದೆ.' ಇದಕ್ಕೆ ಸಹಿ ಹಾಕಿ ಇವತ್ತು ಸಂಜೆಯೊಳಗೆ ಕೊಟ್ಟರೆ ನೆರವು ಮಂಜೂರು.

ಏಸಿ ತರಗತಿಗೆ ಹೊರಟ ಹೊನ್ನಪ್ಪ ಬಾಗಿಲಲ್ಲಿ ಇಣುಕುತ್ತಾರೆ. "ಸೈನ್ ಹಾಕಿದ್ರಾ? ಒಂದು ಗೆರೆ ಎಳದ್ರೆ ಆರು ತಿಂಗಳ ಸಂಬಳ ಕಣಮ್ಮ."

"ಹೂಂ, ನೋಡ್ತೇನೆ. ನಿಮ್ಮ ಏಣಿ ಕಾಯ್ತಾ ಉಂಟು, ನಡೀರಿ."

ಅವರು ಹೋದ ಮೇಲೆ ಶಾಲೆಟ್ ಕನ್ನಡಕ ಏರಿಸಿ ಆ ಎರಡು ಸಾಲನ್ನು ಇನ್ನೊಮ್ಮೆ ಓದುತ್ತಾರೆ. ಇಪ್ಪತ್ತೆರಡು ವರ್ಷ ಗುಂಡಿ ಹಾಕಿ ಬೇಸರ ಕಳೆದ ಹೆಂಗಸು ಯಾರಿರಬಹುದು ಎಂದು ಹುಡುಕುವವರಂತೆ ಮೆಲ್ಲಗೆ ಓದುತ್ತಾರೆ. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಉಗುರಿನಿಂದ ತೀಡಿ, ಬಗ್ಗಿ, ಇಸ್ತ್ರಿ ಮೇಜಿನ ಗಿಡ್ಡ ಕಾಲಿನ ಅಡಿಗೆ ತಳ್ಳುತ್ತಾರೆ. ಅಂಗೈ ಊರಿ ನೋಡುತ್ತಾರೆ. ಮೇಜು ಅಲುಗುವುದಿಲ್ಲ.